ಕೈಯಿಂದ ಅಳಿಸಬೇಕಾದ ಮುಖ

ಬುಧವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ, ಅಕ್ಕನ ಅಪ್ಪುಗೆ.

ಫೋನು ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ನಿನ್ನ ಫೋನು ಮೊದಲು ನಿನ್ನ ಗಂಡನ ಕೈಗೆ ಹೋಗಿ ಆಮೇಲೆ ನಿನ್ನ ಕೈಗೆ ಬರುತ್ತದೆಂದು ನನಗೆ ಗೊತ್ತು. ಅಲ್ಲದೆ ನನ್ನ ದವಡೆ ಊದಿಕೊಂಡಿದೆ, ಮಾತಾಡಿದರೆ ನೋಯುತ್ತದೆ. ಸದ್ಯಕ್ಕೆ ಹಲ್ಲುನೋವು ಅಂದುಕೋ. ದರ್ಜಿಯಮ್ಮ ನೀನು ಹೊಲಿಯಲು ಕೊಟ್ಟ ಬಟ್ಟೆಯ ಮಡಿಕೆಯೊಳಗೆ ಇದನ್ನಿಟ್ಟು ತಂದುಕೊಡುತ್ತಾರೆ. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ. "ಬೇಸಗೇಲೂ ಉದ್ದ ತೋಳೇ ಬೇಕು ಅಂತಾರೆ ನಿಮ್ಮ ತಂಗಿ" ಎಂದಷ್ಟೇ ಅಂದರು.

ನಾನು ಸ್ಕ್ಯಾನ್ ಯಂತ್ರದ ಮುಂದೆ ಕೂತೇ ತಲೆ ಬೆಳ್ಳಗಾದವಳು. ಈಗ ನಮ್ಮ ಸಂಶೋಧನಾ ವಿಭಾಗದವರು ಹೊಸ ಪಾಠಕ್ಕೆ ಕೂರಿಸಿದ್ದಾರೆ. ಎಂಆರ್‌ಐ ಚಿತ್ರಗಳನ್ನು ಅಳೆದು ತೂಗುವ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ಒಳಗೇನಿದೆ ಎಂದು ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಮುಚ್ಚಿಡುವುದನ್ನೇ ಮರ್ಯಾದೆ ಎಂದುಕೊಂಡ ಮನೆಯಲ್ಲಿ ಬೆಳೆದ ನನಗೆ ಇದು ಬಹಳ ಹಿಡಿಸಿತು. ಕಲಿಸುವವನನ್ನು ನಾವೆಲ್ಲ ಗಡ್ಡ ಎನ್ನುತ್ತೇವೆ. ಅವನ ಬಾಯಲ್ಲಿ ಬರೀ ಕಟುಕನ ಮಾತು. ಚಿತ್ರದಲ್ಲಿ ಮಿದುಳನ್ನು ಮೂಳೆಯಿಂದ ಬೇರೆ ಮಾಡುವುದಕ್ಕೆ ಬುರುಡೆ ಸುಲಿಯುವುದು ಎನ್ನುತ್ತಾನೆ. "ಸುಲಿದಾಯ್ತಾ ಮೇಡಂ? ಹಾಗಾದ್ರೆ ಮುಖ ಕೀಳೋಣ" ಎನ್ನುತ್ತಾ ಟೀ ಹೀರುತ್ತಾನೆ.

ಈ ಮುಖ ಕೀಳುವುದನ್ನು ನಿನಗೆ ಹೇಳಲೇಬೇಕು. ಚಿತ್ರಗಳನ್ನು ಬೇರೆ ಕಡೆಯ ಸಂಶೋಧಕರಿಗೆ ಹಂಚುವ ಮುನ್ನ ಹೆಸರು ತೆಗೆದರೆ ಸಾಲದು. ತಲೆಯ ಪದರಗಳನ್ನೆಲ್ಲ ಒಟ್ಟುಗೂಡಿಸಿದರೆ ತೆರೆಯ ಮೇಲೆ ಬೂದು ಬಣ್ಣದ ಮುಖವೊಂದು ಎದ್ದು ಬರುತ್ತದೆ, ಹಸಿ ಮಣ್ಣಿನಲ್ಲಿ ಮಾಡಿಟ್ಟಂತೆ. ಬಲ್ಲವರು ಗುರುತು ಹಿಡಿದುಬಿಡುತ್ತಾರೆ. ಆದ್ದರಿಂದ ಒಂದು ತಂತ್ರಾಂಶ ಹುಬ್ಬಿನಿಂದ ಗಲ್ಲದವರೆಗೆ ಕತ್ತರಿಸಿ ಬಿಸಾಡುತ್ತದೆ. ಸರಿಯಾಗಿ ಕತ್ತರಿಸಿತೋ ಇಲ್ಲವೋ ಎಂದು ಒಬ್ಬರು ಕಣ್ಣಿಟ್ಟು ನೋಡಬೇಕು. ಅದು ನನ್ನ ಪಾಲಿನ ಕೆಲಸ.

ಸೋಮವಾರ ಒಂದು ಮುಖ ಹೋಗಲಿಲ್ಲ. ತಂತ್ರಾಂಶ ಎಲ್ಲೋ ಕುತ್ತಿಗೆಯನ್ನು ಕತ್ತರಿಸಿ ಸುಮ್ಮನಾಗಿತ್ತು. ಗಡ್ಡ ಬಗ್ಗಿ ನೋಡಿ, "ಬಾಯಲ್ಲಿ ಲೋಹ ಇದೆ ಮೇಡಂ, ಅದಕ್ಕೇ ದಿಕ್ಕು ತಪ್ಪಿದೆ. ಹಠಮಾರಿ ಮುಖ ಇದು. ಕೈಯಿಂದಲೇ ಅಳಿಸಬೇಕು" ಎಂದ. ಲೋಹವಿದ್ದಲ್ಲಿ ಚಿತ್ರ ಮೂಡುವುದಿಲ್ಲ, ಕಪ್ಪು ಗುಂಡಿ ಬೀಳುತ್ತದೆ. ಮುಂಬಲ್ಲುಗಳಿರಬೇಕಾದ ಜಾಗದಲ್ಲಿ ಬಂದೂಕಿನಿಂದ ಹೊಡೆದಂಥ ತೂತು. ನಾನು ಮೌಸ್ ಹಿಡಿದು ಅಳಿಸತೊಡಗಿದೆ. ಗಲ್ಲ ಒರೆಸಿದೆ. ತುಟಿ ಒರೆಸಿದೆ. ಮೂಗಿಗೆ ಬಂದಾಗ ಸರಿಯಾಗಿ ಕಾಣಲೆಂದು ತಲೆಯನ್ನು ಪಕ್ಕಕ್ಕೆ ತಿರುಗಿಸಿದೆ. ಎಡಗಿವಿಯ ತುದಿಯಲ್ಲಿ ಆ ಸೀಳು. ಚಿಕ್ಕಂದಿನಲ್ಲಿ ನಾಯಿ ನಿನ್ನನ್ನು ಕಚ್ಚಿದಾಗ ಆದದ್ದು. ರಕ್ತ ಸುರಿಯುತ್ತಿದ್ದ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನಾನು.

ಗುಬ್ಬೀ, ನಿನ್ನ ಅರ್ಧ ಮುಖವನ್ನು ನಾನೇ ಅಳಿಸಿಬಿಟ್ಟಿದ್ದೆ.

ಅಳಿಸಿದ್ದನ್ನು ಉಳಿಸದೆ ಫೈಲನ್ನು ಮುಚ್ಚಿದೆ. ಆರೋಗ್ಯವಂತರ ತಲೆಗಳು ಬೇಕೆಂದು ನಮ್ಮವರು ಕೇಳಿದಾಗ ನಿನ್ನನ್ನು ಎರಡು ಸಲ ಕರೆತಂದಿದ್ದೆನಲ್ಲ, ಮದುವೆಗೆ ಮುಂಚೆ ಒಮ್ಮೆ, ಹೋದ ವರ್ಷ ಇನ್ನೊಮ್ಮೆ. ಎರಡನ್ನೂ ತೆಗೆದು, ಕಲಿತ ವಿದ್ಯೆಯಿಂದಲೇ ಒಂದರ ಮೇಲೊಂದು ಕೂರಿಸಿದೆ. ಮಿದುಳುಗಳು ಡಬ್ಬಿಗೆ ಮುಚ್ಚಳ ಕೂತಂತೆ ಕೂತವು. ಮುಖಗಳು ಕೂರಲಿಲ್ಲ. ಮೂಗಿನ ದಿಂಡು ಬಲಕ್ಕೆ ಸರಿದಿದೆ. ಎಡಗೆನ್ನೆ ಒಳಗೆ ಕುಸಿದಿದೆ. ಮೊದಲ ಚಿತ್ರದಲ್ಲಿ ಕಪ್ಪು ಗುಂಡಿ ಇಲ್ಲವೇ ಇಲ್ಲ.

ನನಗೆ ಮರೆವಿಲ್ಲ, ನಿನಗೆ ಗೊತ್ತು. ಮೂಗಿಗೆ ಕಾರಿನ ಬಾಗಿಲು. ಕೆನ್ನೆಗೆ ಬಚ್ಚಲಿನ ನೆಲ. ಹಲ್ಲಿಗೆ ಮಾತ್ರ ನೀನು ಯಾವ ಕಥೆಯನ್ನೂ ಕಟ್ಟಲಿಲ್ಲ. ಯಂತ್ರದೊಳಗೆ ಮಲಗಿಸುವ ಮುನ್ನ ಎಲ್ಲರನ್ನೂ ಕೇಳುವಂತೆ ನಿನ್ನನ್ನೂ ಕೇಳಿದ್ದೆ, ಮೈಯಲ್ಲಿ ಎಲ್ಲಾದರೂ ಲೋಹ ಇದೆಯಾ ಎಂದು. "ಬಂಗಾರಾನೇ ಇಲ್ಲ ಕಣೇ ಅಕ್ಕ, ಲೋಹ ಎಲ್ಲಿಂದ ಬರ್ಬೇಕು" ಎಂದು ನಕ್ಕೆ. ಆ ಹಲ್ಲುಗಳಿಂದಲೇ ನಕ್ಕೆ. ಆ ದಿನ ನಾನೂ ಮಿದುಳನ್ನಷ್ಟೇ ನೋಡಿದೆ, ಬಾಯಿಯತ್ತ ಕಣ್ಣು ಹಾಯಿಸಲಿಲ್ಲ.

ನಿನ್ನ ಗಂಡ ಹಲ್ಲಿನ ಡಾಕ್ಟರು. ಮನೆಯಲ್ಲಿ ಉದುರಿಸುತ್ತಾನೆ, ಕ್ಲಿನಿಕ್ಕಿನಲ್ಲಿ ಕೂರಿಸುತ್ತಾನೆ. ಇನ್ನೊಬ್ಬ ವೈದ್ಯರ ಕಣ್ಣಿಗೆ ಬೀಳುವ ಮಾತೇ ಇಲ್ಲ. ಚಿಕ್ಕಮ್ಮ ಬೇರೆ ಹೋದಲ್ಲೆಲ್ಲ ಹೇಳುತ್ತಾರೆ, "ನಮ್ಮ ಗುಬ್ಬಿ ನಗು ನೋಡ್ರೇ, ಮನೇಲೇ ಡಾಕ್ಟರು ಇದ್ರೆ ಹೀಗೆ" ಎಂದು. ಊರಿಗೆ ಬೆಂಕಿಯಿಟ್ಟವರೇ ಊರು ಕಟ್ಟಿಸಿದವರೆಂದು ಕಲ್ಲಿನಲ್ಲಿ ಕೆತ್ತಿಸಿಕೊಂಡದ್ದನ್ನು ಪುಸ್ತಕಗಳಲ್ಲಿ ಎಷ್ಟೋ ಓದಿದ್ದೇನೆ. ಇವನು ತನ್ನ ಶಾಸನವನ್ನು ನಿನ್ನ ಬಾಯಲ್ಲೇ ನೆಟ್ಟಿದ್ದಾನೆ.

ವಿಭಾಗದ ಮುಖ್ಯಸ್ಥೆಯ ಬಳಿ ಹೋಗಿ, ಇದು ನನ್ನ ತಂಗಿಯ ತಲೆ, ಇದನ್ನು ನಾನು ಮುಟ್ಟುವುದಿಲ್ಲ ಎಂದೆ. ಚಿತ್ರವನ್ನು ನಾವಾಗಿ ಯಾರಿಗೂ ಕೊಡುವಂತಿಲ್ಲ, ನೀನೇ ಬಂದು ಕೇಳಿದರೆ ಎರಡನ್ನೂ ಕೊಡಲೇಬೇಕು ಎಂದರು ಅವರು. ಅದು ನ್ಯಾಯವೇ. ನಿನ್ನ ಮುಖ ನಿನ್ನದು.

ಆದರೆ ಬೇಗ ಬಾ. ಅವನ ಏಟು ಇನ್ನೂ ಮೂಳೆಯ ಆಚೆಗೇ ನಿಂತಿದೆ, ಮಿದುಳು ಮುಟ್ಟಿಲ್ಲ. ಮುಟ್ಟಿದ ತಲೆಗಳನ್ನು ನಾನು ನೋಡಿದ್ದೇನೆ. ರಕ್ತ ತುಂಬಿಕೊಂಡು ಮಿದುಳು ಒಂದು ಪಕ್ಕಕ್ಕೆ ಒತ್ತಿಹೋಗಿರುತ್ತದೆ. ಹೊರಗಿನ ಬೆಂಚಿನ ಮೇಲೆ ಗಂಡ ಕೂತು, "ಮೆಟ್ಟಿಲಿಂದ ಬಿದ್ಲು" ಎನ್ನುತ್ತಿರುತ್ತಾನೆ. ನಿನ್ನ ಮೂರನೆಯ ಚಿತ್ರವನ್ನು ನನ್ನ ಕೈಯಿಂದ ತೆಗೆಸಬೇಡ.

ದರ್ಜಿಯಮ್ಮ ತರುವ ಬಟ್ಟೆಯಲ್ಲಿ ನೀಲಿ ಅಂಗಿಯ ಅಂಚಿನಲ್ಲಿ ನನ್ನ ಮನೆಯ ಬೀಗದ ಕೈ ಹೊಲಿದಿದೆ. ಏನನ್ನೂ ತರಬೇಡ. ಚಪ್ಪಲಿ ಸಿಗದಿದ್ದರೆ ಬರಿಗಾಲಲ್ಲೇ ಬಾ.

ಈಗಲೂ ನಿನ್ನನ್ನು ಎತ್ತಿಕೊಂಡು ಓಡಬಲ್ಲ
ಅಕ್ಕ

ಮತ್ತೆ: ನಿನ್ನೆ ಅವನ ಕ್ಲಿನಿಕ್ಕಿಗೆ ಹೋಗಿದ್ದೆ. ರೋಗಿಯ ಕುರ್ಚಿಯಲ್ಲೇ ಒರಗಿ, ಗುಬ್ಬಿಯ ಹಲ್ಲನ್ನು ಯಾವುದರಿಂದ ಮುರಿದೆ ಎಂದು ಕೇಳಿದೆ. ಅವನು ಸಹಾಯಕಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. "ಬಾಯಿ ತೆಗೀರಿ ಅತ್ತಿಗೆ, ಇಷ್ಟು ಮಾತು ಎಲ್ಲಿಂದ ಬರುತ್ತೆ ನೋಡೋಣ" ಎಂದು ನನ್ನ ದವಡೆಯನ್ನು ಕುರ್ಚಿಗೆ ಅದುಮಿ ಬೆರಳುಗಳನ್ನು ಗಂಟಲವರೆಗೆ ತುರುಕಿದ. "ನಿಮ್ಮ ತಂಗೀನೂ ಹೀಗೇ ಕಲಿತಿದ್ದು" ಎಂದ. ನಾನು ಕಚ್ಚಿದೆ. ಎಲುಬು ಸಿಕ್ಕ ಮೇಲೂ ಬಿಡಲಿಲ್ಲ. ಅವನು ಗುದ್ದಿ ಬಿಡಿಸಿಕೊಂಡ. ನನ್ನದೊಂದು ಹಲ್ಲು ಅಲ್ಲೇ ನೆಲದ ಮೇಲೆ ಉಳಿಯಿತು. ದೂರು ಬರೆದಿಟ್ಟಿದ್ದೇನೆ, ನೀನು ಆ ಮನೆಯಿಂದ ಹೊರಬಿದ್ದ ಗಳಿಗೆಗೆ ಕೊಡುತ್ತೇನೆ. ಮೊದಲೇ ಕೊಟ್ಟರೆ ಏಟು ಬೀಳುವುದು ನಿನಗೆ. ಅವನ ಬಲಗೈಯ ಬ್ಯಾಂಡೇಜು ನೋಡಿರುತ್ತೀ. ಕಾರಿನ ಬಾಗಿಲಿಗೆ ಸಿಕ್ಕಿತು ಎಂದಿರಬೇಕು. ಆ ಕೈ ಮತ್ತೆ ಮುಷ್ಟಿ ಕಟ್ಟುವುದರೊಳಗೆ ಬಾ.