ಕಾರಣವಿಲ್ಲದೆ ಕುಳಿತವರು

ಪಾದಚಾರಿ ಮಾರ್ಗ ತೆರವು ಶಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬೀದರಿನಲ್ಲಿ ಮನೆಯ ಮುಂದೆ ಕೂರುವುದು ಅಪರಾಧವೆಂದು ನೀವು ಆದೇಶ ಹೊರಡಿಸಿದಿರಿ. ನಾನು ಪಾಲಿಸಿದೆ. ಅದರಿಂದ ಒಬ್ಬರು ಕೂರಲು ಜಾಗವಿಲ್ಲದೆ ಸತ್ತರು.

ರಾಜ್ಯದ ಕಾನೂನಿನ ಯಾವ್ಯಾವುದೋ ಕಲಮುಗಳನ್ನು ಹೊತ್ತ ಆ ಮೂರು ಪುಟಗಳನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ್ದೇನೆ. ರಸ್ತೆಯಂಚಿನಲ್ಲಿ ಬೆಂಚು, ಹೊರಸು ಇಡಬಾರದು, ಬೇಳೆ ಒಣಹಾಕಬಾರದು, ‘ಕಾರಣವಿಲ್ಲದೆ ಕುಳಿತುಕೊಳ್ಳಬಾರದು’. ಕೂರಲಿಕ್ಕೂ ಕಾರಣ ಬೇಕೆಂದು ನನಗೆ ಅರವತ್ತೇಳನೇ ವಯಸ್ಸಿನಲ್ಲಿ ತಿಳಿಯಿತು. ಕಾರುಗಳ ಬಗ್ಗೆ ಒಂದಕ್ಷರವಿಲ್ಲ. ಅವು ಘನವಾದ ಕಾರಣವಿಟ್ಟುಕೊಂಡೇ ದಿನವಿಡೀ ನಿಂತಿರುತ್ತವೆಯೇ?

ನಮ್ಮ ಚರ್ಚಿಗೆ ಹೊಸ ಕುರ್ಚಿಗಳು ಬಂದಾಗ ಹಳೆಯ ಬೆಂಚೊಂದನ್ನು ನನ್ನ ಯಜಮಾನರು ಆಲ್ಬರ್ಟ ಅವರು ಕೈಗಾಡಿಯಲ್ಲಿ ತಂದು ಗೇಟಿನ ಹೊರಗೆ ಬೇವಿನ ನೆರಳಲ್ಲಿ ಇಟ್ಟಿದ್ದರು. ಔರಾದ, ಭಾಲ್ಕಿ, ಬಗದಲ್ ಬಸ್ಸಿಳಿದು ಆಸ್ಪತ್ರೆಗೆ ನಡೆಯುವವರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ನಾನು ಮೂವತ್ತೊಂದು ವರ್ಷ ದಾದಿಯಾಗಿದ್ದವಳು. ಬಂದವರನ್ನು ಮೊದಲು ಕೂರಿಸಿ, ಆಮೇಲೆ ಏನಾಗಿದೆ ಎಂದು ಕೇಳುವುದು ನನ್ನ ರೂಢಿ. ನೋಟಿಸು ಬಂದ ದಿನ, ನಿಮ್ಮ ತೆರವಿನ ಗಾಡಿ ಬರುವ ಮೊದಲೇ, ಬೆಂಚನ್ನು ನಾನೇ ಒಳಗೆಳೆದುಕೊಂಡೆ. ಓಣಿಯಲ್ಲಿ ಮೊದಲು ಪಾಲಿಸಿದವಳು ನಾನೇ ಎಂಬ ಜಂಬವೂ ಇತ್ತು.

ಮಾರ್ಚಿನ ಒಂದು ಮಧ್ಯಾಹ್ನ ಚಿಂತಾಕಿ ಊರಿನ ಶಿವರಾಜಪ್ಪ ಮತ್ತು ಅವರ ಹೆಂಡತಿ ಶಿವಕಾಂತಾ ಗೇಟಿನ ಹತ್ತಿರ ನಿಂತರು. ಹಿಂದೆಯೂ ಎರಡು ಸಲ ಆ ಬೆಂಚಿನ ಮೇಲೆ ಕೂತು ಹೋದವರು. ಆತ ಗೋಡೆ ಹಿಡಿದುಕೊಂಡು ನೆಲದ ಮೇಲೆಯೇ ಕೂರಲು ಹೋದರು. ನಾನು ಕಿಟಕಿಯಿಂದ ಹೇಳಿದೆ: “ಇಲ್ಲಿ ಕುಂದ್ರಬ್ಯಾಡ್ರಿ, ದಂಡ ಹಾಕ್ತಾರ. ಮುಂದ ಬಸ್‌ ಸ್ಟಾಪ್ ಅದ, ಅಲ್ಲಿ ಕುಂದ್ರಿ.”

ದಾದಿಯಾಗಿ ನಾನು ಅವರ ಮುಖ ನೋಡಬೇಕಿತ್ತು. ನಾನು ನೋಡಿದ್ದು ರಸ್ತೆಯನ್ನು, ನಿಮ್ಮ ಗಾಡಿ ಬಂತೇನೋ ಎಂದು. ಒಳಗೆ ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ದಿನಾ ಅದನ್ನೇ ಕೇಳಿಕೊಳ್ಳುತ್ತೇನೆ.

ಅವರು ನಡೆದು ಹೋದರು. ಆ ಬಸ್‌ ಸ್ಟಾಪಿನ ಕಲ್ಲುಬೆಂಚನ್ನೂ ಹಿಂದಿನ ವಾರ ನೀವು ಕೀಳಿಸಿದ್ದು ನನಗೆ ಗೊತ್ತಿರಲಿಲ್ಲ. ಶಿವರಾಜಪ್ಪ ಅಲ್ಲಿ ಕಂಬಕ್ಕೆ ಒರಗಿ ನಿಂತವರು ಹಾಗೆಯೇ ಕುಸಿದರಂತೆ. ಕೂತಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಆ ‘ಏನೋ’ ನನ್ನ ಮನೆಯಲ್ಲಿ ಉಳಿದುಬಿಟ್ಟಿದೆ. ಮಧ್ಯಾಹ್ನವಾದರೆ ಗೇಟು ಅಲುಗಿದಂತಾಗುತ್ತದೆ. ಹೋಗಿ ನೋಡುತ್ತೇನೆ, ಯಾರೂ ಇರುವುದಿಲ್ಲ. ನನಗೆ ಭಯವಾಗುತ್ತದೆ, ಮಾನ್ಯರೇ. ಸತ್ತವರ ಭಯವಲ್ಲ. ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂತಲ್ಲ, ಅದರ ಭಯ.

ಕಳೆದ ವಾರ ಶಿವಕಾಂತಾ ಗಂಡನ ಆಸ್ಪತ್ರೆಯ ಕಾಗದಪತ್ರಕ್ಕಾಗಿ ಬಂದವರು ಗೇಟಿನ ಮುಂದೆ ಹಾಯುತ್ತಿದ್ದರು. ನಾನು ಓಡಿಹೋಗಿ ಗೇಟು ತೆರೆದು ಒಳಗೆ ಕರೆದೆ. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ನಿಂತಲ್ಲಿಂದಲೇ ಕೇಳಿದರು:

“ಈಗ ಕುಂದ್ರಬೋದೇನ್ರಿ, ಅಕ್ಕಾರ?”

ಆದೇಶ ನಿಮ್ಮದು, ಉತ್ತರವೂ ನಿಮ್ಮದೇ ಆಗಲಿ. ಆದೇಶವನ್ನು ಹಿಂಪಡೆಯಿರಿ. ಆಗದಿದ್ದರೆ ಚಿಂತಾಕಿಗೆ ಹೋಗಿ, ಆಕೆಯ ಮುಂದೆ ನಿಂತು, ಆಗುವುದಿಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ ಬನ್ನಿ. ನಾನು ಒಮ್ಮೆ ಹೇಳಿದ್ದೇನೆ, ಇನ್ನೊಮ್ಮೆ ಹೇಳಲಾರೆ.

ಇಂತಿ,
ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ
ದೊರ್ಕಾ ಆಲ್ಬರ್ಟ
ನಿವೃತ್ತ ದಾದಿ, ಬೀದರ