ದೋಣಿ ಹೊರಡುವ ಹೊತ್ತು

ಟಿಕಲ್ ದ್ವೀಪ, ನ್ಯೂಫೌಂಡ್‌ಲ್ಯಾಂಡ್

ಮಾನ್ಯ ಡಾಲ್ಟನ್ ಅವರೇ,

ದೋಣಿ ವೇಳಾಪಟ್ಟಿಯ ವೆಬ್ ಪುಟಕ್ಕೆ ನೀವು ಹಾಕಿಸಿದ್ದ ಅಲೆಗಳ ವಿಡಿಯೊವನ್ನು ಇವತ್ತು ನಾನೇ ಕಿತ್ತುಹಾಕಿದ್ದೇನೆ. ಬರೀ ಅಕ್ಷರಗಳಿದ್ದ ನನ್ನ ಹಳೆಯ ಪುಟವೇ ಮತ್ತೆ ಬಂದಿದೆ.

ಸೋಮವಾರ ಎಫಿ ಅಜ್ಜಿ ಕಣ್ಣಿನ ಡಾಕ್ಟರ ಬಳಿ ಹೋಗಬೇಕಿತ್ತು. ಅವರ ಹಳೇ ಫೋನಿನಲ್ಲಿ ನಿಮ್ಮ ವಿಡಿಯೊ ತೆರೆದುಕೊಳ್ಳುವಷ್ಟರಲ್ಲಿ ದೋಣಿ ಹೊರಟೇಹೋಗಿತ್ತು. ಡಾಕ್ಟರು ಇನ್ನು ಸಿಗುವುದು ಚಳಿಗಾಲ ಕಳೆದ ಮೇಲೆ. “ಅಲೆ ನೋಡೋಕೆ ಫೋನ್ ಯಾಕೇ ಮರ್ಟಲ್, ನಮ್ಮನೇಲಿ ಕಿಟಕಿ ಇಲ್ವಾ?” ಎಂದು ಅಜ್ಜಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಇದನ್ನು ನಿಮಗೆ ತಿಳಿಸಿದರೆ, ಅಜ್ಜಿ ಹೊಸ ಫೋನ್ ಕೊಳ್ಳಲಿ ಎಂದಿರಿ. ಚೆನ್ನಾಗಿರುವ ಫೋನನ್ನು ನಿಮ್ಮ ಅಲೆಗಳಿಗೋಸ್ಕರ ಇಲ್ಲಿ ಯಾರೂ ಕಸಕ್ಕೆ ಎಸೆಯುವುದಿಲ್ಲ.

ನನ್ನನ್ನು ಕೆಲಸದಿಂದ ತೆಗೆಯುವುದಾದರೆ ಇಲ್ಲಿಗೇ ಬಂದು ಎದುರಿಗೆ ಹೇಳಿ. ದೋಣಿ ಎಷ್ಟು ಹೊತ್ತಿಗೆಂದು ನನ್ನ ಪುಟದಲ್ಲಿದೆ. ತಕ್ಷಣ ತೆರೆದುಕೊಳ್ಳುತ್ತದೆ.

ಇಂತಿ,
ಮರ್ಟಲ್ ಪೆನ್ನಿ