ಎಡ ತಿರುವಿನಲ್ಲಿ ಸಾಯುವ ಇಂಜಿನ್

ವೆರಿಯಾ,
ಶುಕ್ರವಾರ, 18 ಸೆಪ್ಟೆಂಬರ್ 2009

ಪ್ರೀತಿಯ ಅಣ್ಣಾ,

ನಿನ್ನ ಭುಜ ಹೇಗಿದೆ? ಮುರಿದ ಮೂಳೆ ಕೂಡಿಕೊಂಡರೂ ಚಳಿ ಶುರುವಾದರೆ ಒಳಗೊಳಗೇ ಸೆಳೆಯುತ್ತದೆ ಎಂದು ಅಮ್ಮ ಹೇಳುತ್ತಿರುತ್ತಾಳೆ. ಸ್ಟುಟ್‌ಗಾರ್ಟಿನಲ್ಲಿ ಆಗಲೇ ಚಳಿಯೇ? ಡಿಪೋದಲ್ಲಿ ಬಸ್ಸಿನ ಬ್ಯಾಟರಿಗಳನ್ನು ಒಬ್ಬನೇ ಎತ್ತಬೇಡ, ಎಡಗೈಯಲ್ಲಂತೂ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಮನೆಯ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ, ನನ್ನ ನಂಬರ್ ಕಂಡರೂ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೋ.

ನೀನು ಹೋದಮೇಲೆ ವರ್ಕ್‌ಶಾಪಿನಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಬೆಳಿಗ್ಗೆ ಶಟರ್ ಎತ್ತುತ್ತೇವೆ, ಸಂಜೆ ಇಳಿಸುತ್ತೇವೆ, ನಡುವೆ ಹತ್ತು ಮಾತು ಆಡಿದರೆ ಹೆಚ್ಚು. ಅಪ್ಪನ ಮುಂದೆ ನಿನ್ನ ಹೆಸರೆತ್ತುವಂತಿಲ್ಲ. ಅಮ್ಮನ ಮುಂದೆ ನಿನ್ನ ಹೆಸರು ಬಿಟ್ಟು ಬೇರೆ ಮಾತೆತ್ತುವಂತಿಲ್ಲ. ಇಬ್ಬರ ನಡುವೆ ನಾನು ಅಡಕತ್ತರಿಗೆ ಸಿಕ್ಕಂತಾಗಿದ್ದೇನೆ. ನಿನ್ನ ಕೆಂಪು ಕಾರು ಮೂಲೆಯಲ್ಲಿ ಹಾಗೇ ಇತ್ತು. ಮಧ್ಯಾಹ್ನ ಬೀದಿಯೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಹೊತ್ತಿನಲ್ಲಿ ನಾನು ದೋಷ ಹುಡುಕಲು ಅದರೊಳಗೆ ತೂರುತ್ತಿದ್ದೆ. ತಲೆ ಪೆಡಲ್‌ಗಳ ಹತ್ತಿರ, ಕಾಲು ಸೀಟಿನ ಬೆನ್ನಿನ ಮೇಲೆ, ಸುತ್ತ ನೀನು ಬೆಸುಗೆ ಹಾಕಿಸಿದ ಕಬ್ಬಿಣದ ಪಂಜರ. ನಿನ್ನ ಜೀವ ಕಾಯಲೆಂದು ಹಾಕಿಸಿದ್ದು ಅದು. ಎಷ್ಟೋ ಸಲ ಅದರೊಳಗೆ ಉಸಿರು ಕಟ್ಟಿ ಅಳು ಬಂದಿದೆ, ಬರೆಯಲು ನಾಚಿಕೆಯೇನಿಲ್ಲ. ಎದುರು ಅಂಗಡಿಯ ಥ್ರಾಸೋಸ್, ಡೆಂಟ್ ತೆಗೆಯುವುದು ಬಿಟ್ಟು ಊರ ಉಸಾಬರಿಯೆಲ್ಲ ಮಾಡುವವನು, ಶಟರಿನ ಕೆಳಗಿಂದ ಬಗ್ಗಿ, "ಏನಮ್ಮಾ ಮೆಲ್ಪೋ, ಸಿಕ್ತಾ ದೆವ್ವ? ಪಾದ್ರಿನ ಕರೆಸ್ಲಾ?" ಅನ್ನುತ್ತಿದ್ದ. ನಾನು ಸ್ಕ್ರೂಡ್ರೈವರ್ ಎಸೆದರೆ ಓಡುತ್ತಿದ್ದ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೆಟ್ಟ ಗಾಡಿಯ ಕಥೆಯನ್ನು ಮೊದಲಿಂದ ಬರೆದು ನೋಡು ಎಂದು ಅಪ್ಪನೇ ನಮಗಿಬ್ಬರಿಗೂ ಕಲಿಸಿದ್ದಲ್ಲವೇ? ಮೇ ತಿಂಗಳ ಬೆಟ್ಟದ ಕಾರ್ ಸ್ಪರ್ಧೆ. ಎಲಿಯಾಸ ಪ್ರವಾದಿಯ ಗುಡಿ ದಾಟಿದ ಮೇಲಿನ ಉದ್ದನೆಯ ಎಡ ತಿರುವು. ಇಂಜಿನ್ ಇದ್ದಕ್ಕಿದ್ದಂತೆ ಸತ್ತಿತು, ನೀನು ತಡೆಗೋಡೆಗೆ ಬಡಿದೆ. ಗಾಡಿಯನ್ನು ಕೆಳಗೆ ಎಳೆದು ತಂದಮೇಲೆ ಅಪ್ಪ ಕೀಲಿ ತಿರುಗಿಸಿದರು, ಮೊದಲ ಸಲಕ್ಕೇ ಇಂಜಿನ್ ಹಾಡಿತು. ಜನ ನಕ್ಕರು. ನೀನು ಸ್ಟ್ರೆಚರ್ ಮೇಲೆ ಮಲಗಿಕೊಂಡೇ, "ಅಪ್ಪಾ, ಮೊದ್ಲು ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತು, ಆಮೇಲೆ ಇಂಜಿನ್ ಹೋಯ್ತು" ಅಂದೆ. ಅಪ್ಪ ಎಲ್ಲರೆದುರು, "ಕಾಲು ನಡುಗಿ ಗಾಡಿ ಬಿಟ್ಟವನು ನನ್ನ ವೈರಿಂಗ್ ಮೇಲೆ ಗೂಬೆ ಕೂರಿಸ್ತೀಯೇನೋ? ವೈರು ಸುಳ್ಳು ಹೇಳಲ್ಲ" ಅಂದರು. ಅಪ್ಪನದು ನಲವತ್ತು ವರ್ಷದ ಕಸುಬು. ಚಿಕ್ಕ ಕಾರಿನ ಹೊಟ್ಟೆಗೆ ದೊಡ್ಡ ಕಾರಿನ ಟರ್ಬೊ ಇಂಜಿನ್ ಇಳಿಸಿ, ಅದರ ಪ್ರತಿಯೊಂದು ವೈರನ್ನೂ ತಾವೇ ಅಳೆದು, ಬಟ್ಟೆಯ ಟೇಪ್ ಸುತ್ತಿ ಕಟ್ಟಿದವರು. ಬ್ಯಾಂಡೇಜ್ ಬಿಚ್ಚಿದ ವಾರವೇ ನೀನು ರೈಲು ಹತ್ತಿದೆ.

ಮುಳ್ಳು ಮೊದಲು ಬಿತ್ತು ಅಂದರೆ ಪೆಟ್ರೋಲ್ ದೋಷವಲ್ಲ, ಸ್ಪಾರ್ಕ್ ದೋಷವೂ ಅಲ್ಲ. ಆ ವೇಗದಲ್ಲಿ ಇಂಜಿನ್ ಆರಿದರೂ ಗಾಲಿಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ, ಮುಳ್ಳು ನಿಧಾನಕ್ಕೆ ಇಳಿಯಬೇಕು. ತಟ್ಟನೆ ಸೊನ್ನೆಗೆ ಬಿದ್ದರೆ ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರಿನ ಮಾತೇ ತಲುಪಿಲ್ಲ ಎಂದರ್ಥ. ನಾನು ಹೊಸ ಸೆನ್ಸರ್ ಹಾಕಿದೆ. ರಿಲೇ ಬದಲಿಸಿದೆ, ಅರ್ಥಿಂಗ್ ಇರುವಲ್ಲೆಲ್ಲ ತುಕ್ಕು ಕೆರೆದು ಬಿಗಿದೆ. ಕನೆಕ್ಟರುಗಳಿಗೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಕೊಟ್ಟೆ, ಐಸ್ ಇಟ್ಟೆ, ಮರದ ಹಿಡಿಯಿಂದ ತಟ್ಟಿದೆ. ಕರೆಂಟ್ ಅಳೆಯುವ ಮೀಟರನ್ನು ಮುಂದಿನ ಗಾಜಿಗೆ ಅಂಟಿಸಿಕೊಂಡು ಪೀಚ್ ಗೋದಾಮಿನ ಹಿಂದಿನ ಬಯಲಲ್ಲಿ ಸುತ್ತು ಹೊಡೆದೆ. ನಿನ್ನಷ್ಟು ಜೋರಾಗಿ ತಿರುಗಿಸುವ ಗುಂಡಿಗೆ ನನಗೆಲ್ಲಿ? ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ನಿಂತಲ್ಲಿ ನಿಯತ್ತಿನ ಗಾಡಿ ಅದು. ದೋಷ ಸಿಗದ ಒಂದೊಂದು ದಿನವೂ ನೀನು ಸುಳ್ಳುಗಾರ ಎಂದು ಮತ್ತೆ ಸಾಬೀತಾದಂತೆ ಆಗುತ್ತಿತ್ತು.

ಅಷ್ಟರಲ್ಲಿ ಅಪ್ಪ ಗಾಡಿ ಮಾರಿದರು. ಕತೆರಿನಿಯ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ, ಕಳೆದ ಶನಿವಾರ ತಾಯಿಯ ಜೊತೆ ಬಂದು ಒಯ್ಯುವುದೆಂದಾಯಿತು.  ಗಾಡಿ ಹೋದರೆ ನಿನ್ನ ಮಾತಿಗೆ ಸಾಕ್ಷಿಯೇ ಇಲ್ಲ. ಮೇಲಾಗಿ ಇನ್ನೊಬ್ಬ ತಾಯಿಯ ಮಗ ಅದರಲ್ಲಿ ಕೂತು ಅದೇ ತಿರುವಿಗೆ ಹೋಗುತ್ತಾನೆ. ಮಂಗಳವಾರ ಮಧ್ಯಾಹ್ನ ಎಡಬದಿಯ ಎರಡು ಗಾಲಿಗಳಿಗೂ ಜಾಕ್ ಕೊಟ್ಟು ಗಾಡಿಯನ್ನು ಬಲಕ್ಕೆ ವಾಲಿಸಿದೆ. ಎಡಕ್ಕೆ ತಿರುಗುವಾಗ ಒಳಗಿರುವುದೆಲ್ಲ ಬಲಕ್ಕೆ ಎಸೆಯಲ್ಪಡುತ್ತದೆ, ನಿಂತ ಗಾಡಿಯಲ್ಲಿ ಅದನ್ನು ಮಾಡಲು ಇರುವ ದಾರಿ ಇದೊಂದೇ. ಇಂಜಿನ್ ಚಾಲೂ ಮಾಡಿ, ಡ್ಯಾಶ್‌ಬೋರ್ಡಿನ ಗೇಜುಗಳ ಹಿಂದಿನ ವೈರಿನ ಕಟ್ಟನ್ನು ಬೆರಳಿಂದ ಬಲಕ್ಕೆ ಒತ್ತಿದೆ. ಮುಳ್ಳು ಸೊನ್ನೆಗೆ ಬಿತ್ತು, ಇಂಜಿನ್ ಸತ್ತಿತು. ಮತ್ತೆ ಮಾಡಿದೆ, ಮತ್ತೆ ಸತ್ತಿತು. ಅಣ್ಣಾ, ನೀನು ಹೇಳಿದ್ದು ಅಕ್ಷರಶಃ ನಿಜ.

ಅಲ್ಲಿದ್ದದ್ದು ಅಮ್ಮನ ತಾಯಿತ. ನೀಲಿ ಬಟ್ಟೆಯ ಪುಟ್ಟ ಚೀಲ, ಒಳಗೆ ಗುಡಿಯ ದೀಪದೆಣ್ಣೆಯ ಹತ್ತಿ, ನಾವು ಚಿಕ್ಕವರಿದ್ದಾಗ ಒಳ ಅಂಗಿಗೆ ಚುಚ್ಚುತ್ತಿದ್ದಳಲ್ಲ, ಅಂಥದ್ದೇ. ರೇಸಿನ ಗಾಡಿಯಲ್ಲಿ ಶಿಲುಬೆಯನ್ನೂ ತೂಗುಹಾಕಬಾರದೆಂಬ ಅಪ್ಪನ ಕಟ್ಟಳೆಗೆ ಹೆದರಿ ಗೇಜುಗಳ ಹಿಂದೆ ಬಚ್ಚಿಟ್ಟದ್ದು. ಸೇಫ್ಟಿ ಪಿನ್ನಿನ ಮೊನೆ ಬಟ್ಟೆಯ ಟೇಪನ್ನು ದಾಟಿ ಸೆನ್ಸರಿನ ವೈರನ್ನೇ ಹೊಕ್ಕಿತ್ತು. ಗಾಡಿ ಬಲಕ್ಕೆ ವಾಲಿದಾಗ ಪಿನ್ನಿನ ತಲೆ ಪಕ್ಕದ ಕಬ್ಬಿಣದ ಪಟ್ಟಿಗೆ ತಗಲುತ್ತಿತ್ತು. ಅಷ್ಟೇ. ಹೆಬ್ಬೆರಳಿನಷ್ಟು ವಸ್ತು.

ಮೂರು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಿನಗೆ ಗೊತ್ತಿಲ್ಲ, ಅಮ್ಮ ದಿನಾ ಸಂಜೆ ದೀಪ ಹಚ್ಚುವಾಗ ಅನ್ನುವುದು ಒಂದೇ ಮಾತು: "ಆ ತಾಯಿತ ಇದ್ದಿದ್ದಕ್ಕೆ ನನ್ನ ಕಂದ ಗೋಡೆಗೆ ಹೊಡ್ದು ಉಳ್ಕೊಂಡ, ಇಲ್ದಿದ್ರೆ ಕಣಿವೆಗೆ ಹೋಗ್ತಿದ್ದ." ನಿಜ ಹೇಳಿದರೆ ಅವಳು ಬದುಕಿಯೂ ಸತ್ತಂತೆ. ಹೇಳದಿದ್ದರೆ ನಿನ್ನ ಹೆಸರು ಹಾಗೇ ಉಳಿಯುತ್ತದೆ. ಅತ್ತ ದರಿ, ಇತ್ತ ಪುಲಿ.

ಶುಕ್ರವಾರ, ಗಾಡಿ ಒಯ್ಯುವ ಹಿಂದಿನ ದಿನ, ಆ ವೈರನ್ನು ಕತ್ತರಿಸಿ ತೆಗೆದು ಅಪ್ಪನ ಬೆಂಚಿನ ಮೇಲಿಟ್ಟೆ. "ದೋಷ ಸಿಕ್ತು ಅಪ್ಪಾ. ಪಟ್ಟಿಗೆ ಉಜ್ಜಿ ಉಜ್ಜಿ ತೂತಾಗಿದೆ" ಅಂದೆ. ಅಪ್ಪ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಉಜ್ಜಿದ ವೈರು ಹೇಗಿರುತ್ತದೆ, ಸೂಜಿ ಹೊಕ್ಕ ವೈರು ಹೇಗಿರುತ್ತದೆ ಎಂದು ಅವರಿಗೆ ನಾನು ಹೇಳಿಕೊಡಬೇಕೇ? ಬಹಳ ಹೊತ್ತು ನೋಡಿ ಕೈ ಚಾಚಿದರು. "ಕೊಡು" ಅಂದರು. ನಾನು ಜೇಬಿನಿಂದ ತಾಯಿತ ತೆಗೆದು ಅಂಗೈಯಲ್ಲಿಟ್ಟೆ. ಆಗಲೇ ಅಮ್ಮ ಅಕ್ಕಿ ತುಂಬಿದ ಟೊಮೆಟೊಗಳ ಬುತ್ತಿ ತಂದಳು. ಅಪ್ಪ ಮುಷ್ಟಿ ಮುಚ್ಚಿಕೊಂಡು, ಅವಳ ಮುಖ ನೋಡದೆ, "ತಪ್ಪು ನಂದೇ ಕಣೇ. ವೈರು ಸರಿಯಾಗಿ ಕಟ್ಟಿರ್ಲಿಲ್ಲ. ಮಗ ನಿಜ ಹೇಳಿದ್ದ" ಅಂದರು. 

ಅಮ್ಮ ಬುತ್ತಿಯನ್ನು ಅಲ್ಲೇ ಕುಕ್ಕಿದಳು. "ಊರೋರ ಗಾಡಿಗೆಲ್ಲ ಕಣ್ಣಿತ್ತು, ಹೆತ್ತ ಮಗನ ಗಾಡಿ ನೋಡೋಕೆ ಕಣ್ಣಿರ್ಲಿಲ್ವಾ ನಿಮಗೆ? ಅವನನ್ನ ಕೊಲ್ಲೋಕೆ ಹೋಗಿ, ಹೇಡಿ ಅಂತ ಬೇರೆ ಅಂದ್ರಲ್ಲ!"  ಅಂದು ಸಂಜೆ ಕಾಫಿ ಅಂಗಡಿಯಲ್ಲಿ, ಮೇ ತಿಂಗಳಲ್ಲಿ ನಕ್ಕವರೆಲ್ಲ ಕೂತಿದ್ದಾಗ, ಅಪ್ಪ ಎದ್ದು ನಿಂತು ಅದನ್ನೇ ಹೇಳಿದರಂತೆ. ಥ್ರಾಸೋಸ್ ಬಂದು, "ಪ್ರೊಡ್ರೊಮೋಸ್ ಮೇಸ್ತ್ರಿ ತಪ್ಪೊಪ್ಕೊಂಡಿದ್ದನ್ನ ಕಣ್ಣಾರೆ ಕಂಡೆ, ಇನ್ನು ನಾನು ಸತ್ರೂ ಚಿಂತೆಯಿಲ್ಲ" ಎಂದು ನಗಲು ನೋಡಿದ. ನಗು ಬರಲಿಲ್ಲ ಅವನಿಗೂ. ಈಗ ಇಬ್ಬರು ಗಿರಾಕಿಗಳು ತಮ್ಮ ಗಾಡಿ ಬೇರೆ ಕಡೆ ಒಯ್ದಿದ್ದಾರೆ. ಕತೆರಿನಿಯವರಿಗೆ ಅಪ್ಪ ಫೋನ್ ಮಾಡಿ ಗಾಡಿ ಮಾರುವುದಿಲ್ಲ ಎಂದರು. ತಾಯಿತದ ಪಿನ್ ಕಿತ್ತು, ದಾರದಿಂದ ಪಂಜರದ ಕಂಬಿಗೆ ತಮ್ಮ ಕೈಯಾರೆ ಕಟ್ಟಿದ್ದಾರೆ. ಅಮ್ಮ ಒಂದು ವಾರದಿಂದ ಅಪ್ಪನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ, ಅವರು ಒಬ್ಬರೇ ಉಣ್ಣುತ್ತಾರೆ. ಆ ಮೌನವನ್ನು ಇನ್ನು ನೋಡಲಾರೆ.

ನೀನೊಮ್ಮೆ ಅಪ್ಪನಿಗೆ ಫೋನ್ ಮಾಡು. ಅವರು ಕ್ಷಮೆ ಕೇಳಲಾರರು, ಹವಾ ಹೇಗಿದೆ ಎಂದು ಕೇಳುತ್ತಾರೆ, ಅದನ್ನೇ ಕ್ಷಮೆ ಎಂದು ತಿಳಿ. ಪಿನ್ನಿನ ವಿಷಯ ಅಮ್ಮನ ಕಿವಿಗೆ ಬೀಳಕೂಡದು. ಥ್ರಾಸೋಸ್ ದೂರದಿಂದಲೇ ನಿನ್ನ ಕೈಕುಲುಕಿದ್ದಾನೆಂದು ಬರೆಯಲು ಹೇಳಿದ. ದೇವಮಾತೆ ನಿನ್ನನ್ನು ಕಾಯಲಿ, ಇದು ಅಮ್ಮ ಹೇಳಿ ಬರೆಸಿದ್ದು.

ಎಂದಿಗೂ ನಿನ್ನ ತಂಗಿ,
ಮೆಲ್ಪೋ

ತಾ. ಕ.: ಲಕೋಟೆ ಅಂಟಿಸಬೇಕು, ಥ್ರಾಸೋಸ್ ಅಂಚೆಗೆ ಹೊರಟು ನಿಂತಿದ್ದಾನೆ. ಗೇಜುಗಳ ಹಿಂದೆ ಅಮ್ಮನ ಕೈ ಎಟುಕುವುದಿಲ್ಲ, ನಿನಗೆ ಹೊಳೆದೇ ಹೊಳೆಯುತ್ತದೆ. ಸ್ಪರ್ಧೆಯ ಹಿಂದಿನ ದಿನ ಅವಳು ತಂದುಕೊಟ್ಟು, "ಬೇಗ ಕಣೇ, ನಿಮ್ಮಪ್ಪ ಬರ್ತಾರೆ" ಅಂದಳು. ನೋಡದೆ ಚುಚ್ಚಿದವಳು ನಾನು. ಬೆಟ್ಟದ ಮೇಲೆ ನೀನು ಮೊದಲು ಮುಳ್ಳು ಬಿತ್ತು ಅಂದ ಕ್ಷಣವೇ ನನಗೆ ಅನುಮಾನ ಬಂತು, ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳು ಆ ಗಾಡಿಯ ಒಂದೊಂದು ವೈರನ್ನೂ ಹುಡುಕಿದೆ, ಆ ಒಂದು ಕಟ್ಟನ್ನು ಬಿಟ್ಟು. ಅಪ್ಪ ಅಮ್ಮನ ತಪ್ಪು ಹೊತ್ತಿದ್ದೇನೆ ಅಂದುಕೊಂಡಿದ್ದಾರೆ, ಹೊತ್ತಿರುವುದು ನನ್ನದು. ಬೈಯಲಿಕ್ಕಾದರೂ ಫೋನ್ ಮಾಡು ಅಣ್ಣಾ. ನಾನು ಎತ್ತುತ್ತೇನೆ.